ಮನೆಯಲ್ಲಿ ಒಪ್ಪಿದ ಮೇಲೆ ಪ್ರೀತಿ ತಣ್ಣಗಾದ ಹಾಗಿದೆ. ನನಗೆ ಮಾತ್ರ ಹೀಗಾ?

ತೋಟದಾಚೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ನಾನು ಶಿರಸಿ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ. ಅವನು ದಾವಣಗೆರೆಯವನು. ಪರಿಚಯ ಆಗಿದ್ದು ಆಫೀಸಿನಲ್ಲಿ. ಜಾತಿ ಬೇರೆ. ನಮ್ಮ ಮನೆಯಲ್ಲಿ ಹಬ್ಬದ ದಿನ ಈರುಳ್ಳಿಯನ್ನೂ ಒಳಗೆ ಬಿಡುವುದಿಲ್ಲ. ಅವರ ಮನೆಯಲ್ಲಿ ಕೋಳಿ ಸಾರು ಇಲ್ಲದಿದ್ದರೆ ಭಾನುವಾರ ಅಂತಲೇ ಅನ್ನಿಸುವುದಿಲ್ಲವಂತೆ. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ವರ್ಷಗಟ್ಟಲೆ ಕದ್ದುಮುಚ್ಚಿ ಮಾತಾಡಿದ್ದೇವೆ. ನನ್ನ ಫೋನಿನಲ್ಲಿ ಅವನ ಹೆಸರು 'ಗ್ಯಾಸ್ ಏಜೆನ್ಸಿ' ಅಂತ ಇತ್ತು. ಊರಿಗೆ ಹೋದಾಗ ಅವನ ಜೊತೆ ಮಾತಾಡಬೇಕೆಂದರೆ ತೋಟದ ಆ ತುದಿಗೆ, ಪಂಪ್‌ಸೆಟ್ ಹತ್ತಿರ ಹೋಗಬೇಕು. ಅಲ್ಲಿ ಮಾತ್ರ ಸಿಗ್ನಲ್. ಮಳೆಗಾಲದಲ್ಲಿ ಕಾಲಿಗೆ ಉಂಬಳ ಹತ್ತಿದ್ದೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಎಲ್ಲಿ ಆ ಕಡೆ ಬಂದುಬಿಡುತ್ತಾರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಫೋನ್ ಇಡೋಕೆ ಮನಸ್ಸು ಬರುತ್ತಿರಲಿಲ್ಲ.

ಮನೆಯಲ್ಲಿ ಹೇಳಿದ ಮೇಲಂತೂ ಯುದ್ಧ. ಅಪ್ಪ ಮಾತು ಬಿಟ್ಟರು. ಅಮ್ಮ ಫೋನ್ ಮಾಡಿದರೆ ಬರೀ ಅಳು. ಅಜ್ಜಿ ಗುಟ್ಟಾಗಿ ಬೇರೆ ಬೇರೆ ಕಡೆಯಿಂದ ಜಾತಕ ತರಿಸುತ್ತಿದ್ದಳು. ರಿಜಿಸ್ಟರ್ ಮದುವೆ ಆಗಿಬಿಡೋಣ ಅಂತಲೂ ಯೋಚಿಸಿದೆವು. ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ 30 ದಿನ ನೋಟಿಸ್ ಹಾಕುತ್ತಾರೆ ಅಂತ ಗೊತ್ತಾಗಿ ಹೆದರಿ ಬಿಟ್ಟೆವು. ಕೊನೆಗೆ ಸೋದರಮಾವ ಮಧ್ಯೆ ಬಂದು, ಬೆಂಗಳೂರಿಗೇ ಬಂದು ಅವನನ್ನು ನೋಡಿ, ಊರಿಗೆ ಹೋಗಿ ಅದೇನು ಹೇಳಿದರೋ. ಹೋದ ದೀಪಾವಳಿಗೆ ಅಪ್ಪ "ಆಯ್ತು, ಕರೆಸು" ಅಂದರು.

ಆ ರಾತ್ರಿ ಇಬ್ಬರೂ ಫೋನಿನಲ್ಲಿ ಅತ್ತೆವು. ಅಲ್ಲಿಂದ ಈಚೆಗೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ಈಗ ಅವನ ಫೋನ್ ಬಂದರೆ ಅಮ್ಮನೇ "ತಗೋ, ಅವನೇ ಇರಬೇಕು" ಅನ್ನುತ್ತಾಳೆ. ನನಗೆ ಆಮೇಲೆ ಮಾಡಿದರಾಯ್ತು ಅನ್ನಿಸುತ್ತದೆ. ಊಟ ಆಯ್ತಾ, ಆಯ್ತು, ಏನು ಮಾಡ್ತಿದೀಯಾ, ಏನಿಲ್ಲ. ಮೊದಲು ಗಂಟೆಗಟ್ಟಲೆ ಮಾತಾಡುತ್ತಿದ್ದವರು ನಾವು. ಅವನು ಟೀ ಕುಡಿಯುವಾಗ ಸೊರ್ರ್ ಅಂತ ಸದ್ದು ಮಾಡುತ್ತಾನೆ. ಮೊದಲೂ ಮಾಡುತ್ತಿದ್ದನೇನೋ. ಈಗ ಅದೇ ಕಿವಿಗೆ ಬೀಳುತ್ತದೆ.

ರೂಮ್‌ಮೇಟ್ ಹತ್ತಿರ ಹೇಳಿಕೊಂಡೆ. ಅವಳು, "ನಿನಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಕಣೇ, ನಿಮ್ಮಪ್ಪನ ಮೇಲೆ ಹಠ ಇತ್ತು ಅಷ್ಟೇ" ಅಂದಳು. ಅದು ತಲೆಯಲ್ಲಿ ಕೂತುಬಿಟ್ಟಿದೆ. ನೆಟ್‌ನಲ್ಲಿ ಹುಡುಕಿದರೆ ರೋಮಿಯೋ-ಜೂಲಿಯೆಟ್ ಎಫೆಕ್ಟ್ ಅಂತ ಬಂತು. ವಿರೋಧ ಇದ್ದರೆ ಪ್ರೀತಿ ಹೆಚ್ಚುತ್ತದೆ, ವಿರೋಧ ಹೋದರೆ ಪ್ರೀತಿಯೂ ಹೋಗುತ್ತದೆ ಅಂತ. ನಿಜನಾ?

ವೈಶಾಖದಲ್ಲಿ ಮುಹೂರ್ತ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಅವನಿಗೆ ಇದನ್ನು ಹೇಳಿಲ್ಲ. ಯಾರಿಗಾದರೂ ಹೀಗಾಗಿದೆಯಾ?


ಗಿರ್ಮಿಟ್ ಉತ್ತರ:

ತಂಗೀ, ಪ್ರೀತಿ ಹೋಗಿಲ್ಲ, ಟೆನ್ಶನ್ ಹೋಗಿದೆ. ನಮ್ಮದೂ ಲವ್ ಮ್ಯಾರೇಜೇ, ಹುಬ್ಬಳ್ಳಿಯಲ್ಲಿ. ಮನೆಯವರು ಹೂಂ ಅಂದ ವಾರದಲ್ಲಿ ನನಗೆ ಜ್ವರ ಬಂತು. ಆಮೇಲೆ ಬರೀ ನಿದ್ದೆ. ನನ್ನಾಕೆ "ಇವನಿಗೆ ನಾನು ಬೇಡವಾದೆ" ಅಂತ ಅವರ ಅಕ್ಕನ ಮುಂದೆ ಅತ್ತಿದ್ದಳಂತೆ. ಬೇಡ ಏನೂ ಆಗಿರಲಿಲ್ಲ. ಸುಸ್ತಾಗಿತ್ತು.

ಒಂದು ಮಾತು, ಈಗ ಉಪಯೋಗ ಇಲ್ಲದಿದ್ದರೂ ಬೇರೆಯವರು ಓದುತ್ತಾರೆ ಅಂತ ಹೇಳುತ್ತೇನೆ. ಇಬ್ಬರೂ ಹಿಂದೂಗಳಾದರೆ ಜಾತಿ ಬೇರೆ ಇದ್ದರೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಮದುವೆ ಆಗಬಹುದು. 30 ದಿನದ ನೋಟಿಸ್ ಇರುವುದು 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್‌ಗೆ. ಇದು ಗೊತ್ತಿಲ್ಲದೆ ಎಷ್ಟು ಜೋಡಿ ಸುಮ್ನೆ ಹೆದರುತ್ತವೋ.


ನಿವೃತ್ತ ಮೇಷ್ಟ್ರು ಉತ್ತರ:

ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡಿ ನಿವೃತ್ತನಾದವನು ನಾನು. ಕೌನ್ಸೆಲರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ರೂಮ್‌ಮೇಟ್ ಹೇಳಿದ ಸಂಗತಿಯನ್ನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಹಿಂದಿನ ಬೆಂಚಿನಲ್ಲಿ ಯಾರಾದರೂ ಒಬ್ಬರು ತಲೆ ತಗ್ಗಿಸಿಕೊಂಡು ಕೂರುತ್ತಿದ್ದರು.

ರೋಮಿಯೋ-ಜೂಲಿಯೆಟ್ ಎಫೆಕ್ಟ್ ಅನ್ನುವ ಹೆಸರು ಬಂದದ್ದು 1972ರ ಒಂದು ಅಧ್ಯಯನದಿಂದ. ಅಮೆರಿಕದ ಕೊಲೊರಾಡೋದಲ್ಲಿ ಡ್ರಿಸ್ಕಾಲ್, ಡೇವಿಸ್, ಲಿಪೆಟ್ಜ್ ಅನ್ನುವ ಮೂವರು 140 ಜೋಡಿಗಳನ್ನು ಮಾತಾಡಿಸಿದರು. ಅದರಲ್ಲಿ ಮದುವೆಯಾದವರೂ ಇದ್ದರು, ಆಗದವರೂ ಇದ್ದರು. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿದರು. ಅಪ್ಪ ಅಮ್ಮನ ಅಡ್ಡಿ ಹೆಚ್ಚಾದ ಕಡೆ ಪ್ರೀತಿಯೂ ಹೆಚ್ಚಾದ ಹಾಗೆ ಕಂಡಿತು. ಎಲ್ಲರಿಗೂ ನೆನಪಿರುವುದು ಇಷ್ಟೇ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ಅಡ್ಡಿ ಜಾಸ್ತಿ ಇದ್ದ ಕಡೆ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಕಡಿಮೆ ಇತ್ತು, ತಪ್ಪು ಹುಡುಕುವುದು ಜಾಸ್ತಿ ಇತ್ತು. ಇದನ್ನು ಯಾರೂ ಹೇಳುವುದಿಲ್ಲ, ಕತೆಗೆ ಚೆನ್ನಾಗಿ ಹೊಂದುವುದಿಲ್ಲವಲ್ಲ.

ಆಮೇಲೆ 2014ರಲ್ಲಿ ಕಾಲೀನ್ ಸಿಂಕ್ಲೇರ್ ಮತ್ತು ಅವರ ಜೊತೆಯವರು ಇದನ್ನೇ ಮತ್ತೆ ಪರೀಕ್ಷೆ ಮಾಡಿದರು. ಹಳೆಯ ಪ್ರಶ್ನೆಗಳನ್ನೂ ಬಳಸಿದರು. ಆ ಎಫೆಕ್ಟ್ ಸಿಗಲೇ ಇಲ್ಲ. ಮನೆಯವರ, ಗೆಳೆಯರ ಒಪ್ಪಿಗೆ ಇದ್ದ ಕಡೆಯೇ ಪ್ರೀತಿ ಹೆಚ್ಚು ಗಟ್ಟಿಯಾಗಿತ್ತು. ಹಾಗಾಗಿ 'ವಿರೋಧ ಹೋದರೆ ಪ್ರೀತಿ ಹೋಗುತ್ತದೆ' ಅನ್ನುವುದನ್ನು ನಿಯಮ ಅಂತ ತಲೆಗೆ ಹಚ್ಚಿಕೊಳ್ಳಬೇಡಿ.

ಹಾಗಾದರೆ ನಿಮಗೆ ಯಾಕೆ ಹೀಗೆ? ಆ ಪಂಪ್‌ಸೆಟ್ ಹತ್ತಿರದ ಫೋನ್ ಇದೆಯಲ್ಲ, ಅದನ್ನು ಓದಿದಾಗ ನನಗೆ ಕೆನಡಾದ ಒಂದು ಸೇತುವೆ ನೆನಪಾಯಿತು. ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೋ ಅಂತ ತೂಗುಸೇತುವೆ. ಸುಮಾರು 70 ಮೀಟರ್ ಎತ್ತರ, ಕೆಳಗೆ ಹೊಳೆ, ಕಾಲಿಟ್ಟರೆ ಅಲ್ಲಾಡುತ್ತದೆ. 1974ರಲ್ಲಿ ಡಟನ್ ಮತ್ತು ಆರನ್ ಅಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಸೇತುವೆಗೆ ಬಂದ ಗಂಡಸರಿಂದ ಒಂದು ಪ್ರಶ್ನೆಪತ್ರಿಕೆ ತುಂಬಿಸಿದರು. ಕೊನೆಗೆ ಅವಳು ತನ್ನ ಫೋನ್ ನಂಬರ್ ಕೊಟ್ಟು, ಇದರ ಬಗ್ಗೆ ಜಾಸ್ತಿ ತಿಳಿಯಬೇಕಾದರೆ ಫೋನ್ ಮಾಡಿ ಅಂದಳು. ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಅದೇ ಹೊಳೆಗೆ ಮೇಲ್ಗಡೆ ಗಟ್ಟಿಯಾದ, ಎತ್ತರವೇ ಇಲ್ಲದ ಇನ್ನೊಂದು ಸೇತುವೆ ಇತ್ತು. ಅಲ್ಲಿ ನಂಬರ್ ತೆಗೆದುಕೊಂಡ 16 ಜನರಲ್ಲಿ ಫೋನ್ ಮಾಡಿದ್ದು ಇಬ್ಬರೇ.

ಎದೆ ಬಡಿದುಕೊಳ್ಳುವುದು ಭಯಕ್ಕೋ, ಎದುರಿಗಿರುವ ಹುಡುಗಿಗೋ ಅಂತ ಮೈ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ತೋಟದ ತುದಿಯಲ್ಲಿ ನಿಮ್ಮ ಎದೆ ಹೊಡೆದುಕೊಂಡದ್ದರಲ್ಲಿ ಅವನ ಪಾಲು ಎಷ್ಟು, ಅಪ್ಪ ಬರಬಹುದು ಅನ್ನುವ ಭಯದ ಪಾಲು ಎಷ್ಟು? ಈಗ ಭಯದ ಪಾಲು ಹೋಗಿದೆ. ಉಳಿದದ್ದು ಅವನ ಪಾಲು. ಅದು ಮೊದಲಿನಷ್ಟು ಜೋರಾಗಿ ಕೇಳಿಸದೆ ಇರುವುದು ಸಹಜ. ದೇವಿಮನೆ ಘಟ್ಟ ಇಳಿದು ಬಸ್ಸಿನಿಂದ ಕೆಳಗೆ ಕಾಲಿಟ್ಟರೆ ನೆಟ್ಟಗಿನ ರಸ್ತೆಯೇ ವಿಚಿತ್ರ ಅನ್ನಿಸುತ್ತದಲ್ಲ, ನೀವು ಆ ಕಡೆಯವರೇ, ನಿಮಗೆ ಗೊತ್ತಿರುತ್ತದೆ.

ಇನ್ನೊಂದು. ಡೊರೊತಿ ಟೆನಾವ್ ಅನ್ನುವವರು 1979ರಲ್ಲಿ ಲಿಮರೆನ್ಸ್ ಅಂತ ಒಂದು ಸ್ಥಿತಿಯ ಬಗ್ಗೆ ಬರೆದರು. ಊಟ ನಿದ್ದೆ ಬಿಟ್ಟು ಒಬ್ಬರನ್ನೇ ನೆನೆಸಿಕೊಳ್ಳುವುದು. ಅವರ ಪ್ರಕಾರ ಅದು ಬದುಕಿರಲು ಆಸೆಯೂ ಬೇಕು, ಅನುಮಾನವೂ ಬೇಕು. ಸಿಗುತ್ತಾನೆ ಅಂತ ಪೂರ್ತಿ ಖಾತ್ರಿಯಾದರೂ, ಸಿಗುವುದೇ ಇಲ್ಲ ಅಂತ ಪೂರ್ತಿ ಖಾತ್ರಿಯಾದರೂ ಅದು ಆರುತ್ತದೆ. ಸಾಮಾನ್ಯ ಜೋಡಿಗಳಲ್ಲಿ ಆ ಅನುಮಾನ ಕೆಲವು ತಿಂಗಳಲ್ಲೋ ವರ್ಷದಲ್ಲೋ ತಾನಾಗಿ ಕಳೆಯುತ್ತದೆ. ನಿಮ್ಮದನ್ನು ಮನೆಯವರು ವರ್ಷಗಟ್ಟಲೆ ಜೀವಂತ ಇಟ್ಟರು. "ಆಯ್ತು, ಕರೆಸು" ಅಂದದ್ದೇ ಒಂದೇ ರಾತ್ರಿಯಲ್ಲಿ ಮುಗಿಯಿತು. ಎಲ್ಲರಿಗೂ ಆಗುವುದೇ ನಿಮಗೂ ಆಗಿದೆ. ತಡವಾಗಿ, ಒಟ್ಟಿಗೇ ಆಗಿದೆ.

ಇಟಲಿಯ ಪೀಸಾದಲ್ಲಿ ಮರಾಜಿಟಿ ಅನ್ನುವ ಮನೋವೈದ್ಯೆ 1999ರಲ್ಲಿ ಹೊಸದಾಗಿ ಪ್ರೀತಿಗೆ ಬಿದ್ದ 20 ಜನರ ರಕ್ತ ಪರೀಕ್ಷೆ ಮಾಡಿದ್ದರು. ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಅಳತೆ ಅವರಲ್ಲೂ, ಓಸಿಡಿ ಅಂದರೆ ಗೀಳಿನ ಕಾಯಿಲೆ ಇದ್ದವರಲ್ಲೂ ಒಂದೇ ರೀತಿ ಕಡಿಮೆ ಇತ್ತು. ಅವರಲ್ಲಿ ಕೆಲವರನ್ನು 12ರಿಂದ 18 ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಮಾಮೂಲಿಗೆ ಬಂದಿತ್ತು. ಸಣ್ಣ ಅಧ್ಯಯನ, ಅದರ ಮೇಲೆ ಮನೆ ಕಟ್ಟಲು ಆಗುವುದಿಲ್ಲ. ಆದರೂ ಆ ಹುಚ್ಚು ಜೀವನಪೂರ್ತಿ ಇರಲಿ ಅಂತ ಯಾರೂ ಕೇಳಿಕೊಳ್ಳಬಾರದು ಅಂತ ತರಗತಿಯಲ್ಲಿ ಹೇಳುತ್ತಿದ್ದೆ.

ಇಷ್ಟೆಲ್ಲ ಹೇಳಿದರೂ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು. ಗಂಟೆಗಟ್ಟಲೆ ಮಾತಾಡುತ್ತಿದ್ದೆವು ಅಂದಿರಿ. ಏನು ಮಾತಾಡುತ್ತಿದ್ದಿರಿ? ಸ್ವಲ್ಪ ಯೋಚಿಸಿ ಹೇಳಿ. ಅಪ್ಪ ಇವತ್ತು ಏನಂದರು, ಅಮ್ಮ ಯಾಕೆ ಅತ್ತರು, ಮಾವನ ಕಿವಿಗೆ ಯಾರು ಹಾಕುವುದು, ಅಜ್ಜಿ ಯಾವ ಜಾತಕ ತಂದಳು. ನನ್ನ ಊಹೆ ತಪ್ಪಿದ್ದರೆ ತಿದ್ದಿ. ಆ ಮಾತುಗಳಲ್ಲಿ ನೀವಿಬ್ಬರೂ ಒಂದೇ ಪಕ್ಷ. ಒಂದೇ ಪಕ್ಷದಲ್ಲಿ ಇರುವಾಗ ಎಲ್ಲ ಹೊಂದುತ್ತದೆ. ನಿಮ್ಮಿಬ್ಬರ ಮಧ್ಯೆಯೇ ಏನಿದೆ ಅಂತ ನೋಡುವ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಅದು ಈಗ ಸಿಕ್ಕಿದೆ. ಮುಹೂರ್ತಕ್ಕೆ ಮುಂಚೆ ಸಿಕ್ಕಿದೆ, ಒಳ್ಳೆಯದಾಯಿತು.


ನೇರಮಾತು ಉತ್ತರ:

ಇದಕ್ಕೇ ಹಿರಿಯರು ನೋಡಿ ಮಾಡುವ ಮದುವೆ ಒಳ್ಳೇದು ಅನ್ನೋದು. ಲವ್ ಮ್ಯಾರೇಜ್‌ನಲ್ಲಿ ಪ್ರೀತಿ ಇಳಿಯುತ್ತಾ ಹೋಗುತ್ತದೆ, ಅರೇಂಜ್ಡ್‌ನಲ್ಲಿ ಏರುತ್ತಾ ಹೋಗುತ್ತದೆ. ಜೈಪುರದಲ್ಲಿ ರಿಸರ್ಚ್ ಆಗಿದೆ. ಬೇಕಾದರೆ ಹುಡುಕಿ.


ನಿವೃತ್ತ ಮೇಷ್ಟ್ರು ಉತ್ತರ:

ಹುಡುಕಬೇಕಿಲ್ಲ, ಗೊತ್ತಿದೆ. ಗುಪ್ತಾ ಮತ್ತು ಸಿಂಗ್, 1982. ಜೈಪುರದ 50 ಜೋಡಿಗಳು. ಮದುವೆಯಾಗಿ ಬೇರೆ ಬೇರೆ ವರ್ಷ ಕಳೆದ ಬೇರೆ ಬೇರೆ ಜೋಡಿಗಳನ್ನು ಒಂದೇ ಸಲ ಕೇಳಿದ್ದು. ಒಂದೇ ಜೋಡಿಯ ಪ್ರೀತಿ ವರ್ಷ ವರ್ಷ ಏರಿತು ಅಂತ ಯಾರೂ ಜೊತೆಗಿದ್ದು ನೋಡಿದ್ದಲ್ಲ. 50 ಜೋಡಿಯನ್ನು ಅಷ್ಟು ಗುಂಪು ಮಾಡಿದರೆ ಒಂದೊಂದು ಗುಂಪಿನಲ್ಲಿ ಎಷ್ಟು ಜನ ಉಳಿಯುತ್ತಾರೆ, ನೀವೇ ಲೆಕ್ಕ ಹಾಕಿ. ಅಮೆರಿಕದಲ್ಲಿರುವ ಭಾರತೀಯರ ಮಧ್ಯೆ 2012ರಲ್ಲಿ ರೀಗನ್ ಮತ್ತು ಜೊತೆಯವರು ನೋಡಿದಾಗ ಪ್ರೀತಿಯಲ್ಲಾಗಲಿ, ತೃಪ್ತಿಯಲ್ಲಾಗಲಿ ಎರಡೂ ಬಗೆಯ ಮದುವೆಗೆ ವ್ಯತ್ಯಾಸವೇ ಸಿಗಲಿಲ್ಲ. ಅದೂ ಸಣ್ಣದೇ. ಎರಡನ್ನೂ ಹಿಡಿದುಕೊಂಡು ಈ ಹುಡುಗಿಗೆ ಬುದ್ಧಿ ಹೇಳಲು ಬರುವುದಿಲ್ಲ.


ಸುಮ್ನೆಒಬ್ಬಳು ಉತ್ತರ:

ಮೇಷ್ಟ್ರು ಹೇಳಿದ್ದೆಲ್ಲ ಚೆನ್ನಾಗಿದೆ. ಆದರೆ ಎಲ್ಲರೂ ಸೇರಿ "ಇದು ಸಹಜ, ಸಹಜ" ಅಂತ ಈ ಹುಡುಗಿಯನ್ನು ಮಂಟಪಕ್ಕೆ ತಳ್ಳುತ್ತಿದ್ದೀರಿ ಅನ್ನಿಸುತ್ತಿದೆ. ಇಷ್ಟ ಇಲ್ಲದೆಯೂ ಇರಬಹುದಲ್ವಾ? ಅದೂ ಸಹಜವೇ.

ನನ್ನ ಅಕ್ಕ ಮನೆಯವರ ಜೊತೆ ಜಗಳ ಆಡಿ ಮದುವೆಯಾದವಳು. ಮದುವೆಗೆ ಮುಂಚೆಯೇ ಅವಳಿಗೆ ಏನೋ ಸರಿ ಇಲ್ಲ ಅನ್ನಿಸಿತ್ತಂತೆ. ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷ ಆದಮೇಲೆ. ಆಗ ಯಾಕೆ ಹೇಳಲಿಲ್ಲ ಅಂದರೆ, "ಅಷ್ಟು ಕುಣಿದು ಕುಪ್ಪಳಿಸಿ ಒಪ್ಪಿಸಿ, ಈಗ ಬೇಡ ಅಂದರೆ ಮುಖ ಎಲ್ಲಿಡಲಿ" ಅಂದಳು. ಮದುವೆಯಾದ ಮೇಲೆ ಕಷ್ಟ ಬಂದಾಗಲೂ ಅದೇ. ಅಪ್ಪ ಅಮ್ಮ ನೋಡಿ ಮಾಡಿದ ಮದುವೆಯಲ್ಲಿ ಏನಾದರೂ ಆದರೆ ಮಗಳು ತವರಿಗೆ ಬಂದು ಅಳಬಹುದು. ಇವಳು ಅತ್ತರೆ "ನೀನೇ ಆರಿಸಿಕೊಂಡಿದ್ದಲ್ವಾ" ಅನ್ನುವ ಮಾತು ಬಾಗಿಲಲ್ಲೇ ಕಾಯುತ್ತಿರುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡಳು. ಅದರ ಬಗ್ಗೆ ಇನ್ನು ಜಾಸ್ತಿ ಬರೆಯುವುದಿಲ್ಲ, ಅದು ಅವಳ ವಿಷಯ.

ತೋಟದಾಚೆ ಅವರೇ, ನಿಮಗೆ ಒಂದೇ ಪ್ರಶ್ನೆ. ಛತ್ರದ ಅಡ್ವಾನ್ಸ್, ಮಾವನ ಮಾನ, ಅಪ್ಪನ "ಕರೆಸು", ನಿಮ್ಮ ಇಷ್ಟು ವರ್ಷದ ಹೋರಾಟ, ಇದೆಲ್ಲ ಪಕ್ಕಕ್ಕಿಡಿ. ಇವತ್ತು ಹೊಸದಾಗಿ ಪರಿಚಯ ಆಗಿದ್ದರೆ ಅವನ ಜೊತೆ ಇನ್ನೊಂದು ಸಲ ಕಾಫಿಗೆ ಹೋಗುತ್ತಿದ್ದಿರಾ?


ನಿವೃತ್ತ ಮೇಷ್ಟ್ರು ಉತ್ತರ:

ನಿಮ್ಮ ಮಾತು ಒಪ್ಪುತ್ತೇನೆ. ಅದಕ್ಕೂ ಒಂದು ಹಳೆಯ ಪ್ರಯೋಗ ಇದೆ. 1959ರಲ್ಲಿ ಆರನ್ಸನ್ ಮತ್ತು ಮಿಲ್ಸ್, ಒಂದು ಚರ್ಚಾಗುಂಪಿಗೆ ಸೇರಲು ಬಂದ ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ತುಂಬಾ ಮುಜುಗರದ ಪ್ರವೇಶ ಪರೀಕ್ಷೆ ಇಟ್ಟರು. ಆಮೇಲೆ ಬೇಕೆಂದೇ ನೀರಸವಾಗಿ ತಯಾರಿಸಿದ ಚರ್ಚೆಯೊಂದನ್ನು ಕೇಳಿಸಿದರು. ಹೆಚ್ಚು ಕಷ್ಟಪಟ್ಟು ಒಳಗೆ ಬಂದವರು ಆ ಬೋರಿಂಗ್ ಚರ್ಚೆಯನ್ನೇ ಚೆನ್ನಾಗಿದೆ ಅಂದರು. ಪಟ್ಟ ಪಾಡು ದಂಡ ಆಯ್ತು ಅಂತ ಒಪ್ಪಿಕೊಳ್ಳುವುದು ಮನಸ್ಸಿಗೆ ಬಹಳ ಕಷ್ಟ. ನಮ್ಮೂರುಗಳಲ್ಲಿ ಅದರ ಮೇಲೆ ಇಡೀ ಊರು ಬೇರೆ ನೋಡುತ್ತಿರುತ್ತದೆ.

ಕಾಫಿಯ ಪ್ರಶ್ನೆ ಚೆನ್ನಾಗಿದೆ. ಆದರೆ ಅದನ್ನು ಕೂತಲ್ಲೇ ಯೋಚಿಸಿ ಉತ್ತರ ಹೇಳಲು ಹೋಗಬೇಡಿ. ಪ್ರೀತಿ ಇದೆಯಾ, ಇವತ್ತು ಇದೆಯಾ, ಈಗ ಫೋನ್ ಬಂದಾಗ ಏನಾದರೂ ಅನ್ನಿಸಿತಾ ಅಂತ ಗಳಿಗೆಗೊಮ್ಮೆ ಒಳಗೆ ಇಣುಕಿ ನೋಡುವುದೂ ಒಂದು ಗೀಳಾಗಬಹುದು. ಸಂಬಂಧದ ಸುತ್ತಲೇ ಬರುವ ಓಸಿಡಿ ಅಂತ ಮನೋವಿಜ್ಞಾನದಲ್ಲಿ ಒಂದು ವಿಷಯವೇ ಇದೆ. ಇಸ್ರೇಲಿನ ಗೈ ಡೊರೋನ್ ಅದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ನಿಮಗೆ ಅದಿದೆ ಅನ್ನುತ್ತಿಲ್ಲ. ಇಣುಕಿದಷ್ಟೂ ಒಳಗೆ ಏನೂ ಕಾಣಿಸುವುದಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಅದರ ಬದಲು ಇಬ್ಬರೂ ಸೇರಿ ಏನಾದರೂ ಮಾಡಿ. ಮನೆಯವರಿಗೆ ಸಂಬಂಧ ಇಲ್ಲದ್ದು, ಇಬ್ಬರಿಗೂ ಹೊಸದು. ಆ ಸೇತುವೆಯ ಆರನ್ ಅವರೇ 2000ದಲ್ಲಿ ಇನ್ನೊಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಗಂಡ ಹೆಂಡತಿಯ ಕೈ ಕಾಲುಗಳನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ಚಾಪೆಯ ಮೇಲೆ ಅಂಬೆಗಾಲಿಟ್ಟು ಹೋಗಬೇಕು. ಇಬ್ಬರ ಮಧ್ಯೆ ಒಂದು ದಿಂಬು, ಅದನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಹಲ್ಲಿನಲ್ಲಿ ಕಚ್ಚುವ ಹಾಗಿಲ್ಲ. ಆ ಫಜೀತಿ ಮುಗಿಸಿದ ಜೋಡಿಗಳಿಗೆ, ಬೇಸರದ ಕೆಲಸ ಮಾಡಿದವರಿಗಿಂತ, ತಮ್ಮ ಸಂಬಂಧವೇ ಹೆಚ್ಚು ಚೆನ್ನಾಗಿ ಕಂಡಿತು. ನೀವು ಅಂಬೆಗಾಲಿಡುವುದು ಬೇಡ. ಬಾಡಿಗೆ ಮನೆ ಹುಡುಕಿ. ಬೆಂಗಳೂರಿನಲ್ಲಿ ಅದಕ್ಕಿಂತ ದೊಡ್ಡ ಫಜೀತಿ ಇಲ್ಲ.


ತೋಟದಾಚೆ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ತಕ್ಷಣ ಉತ್ತರ ಕೊಡಲಿಲ್ಲ, ಏನೇನೋ ಆಯ್ತು.

ಮೇಷ್ಟ್ರೇ, ನಿಮ್ಮ ಊಹೆ ಸರಿ. ನಮ್ಮ ಹಳೆಯ ವಾಟ್ಸ್ಆ್ಯಪ್ ಮೇಲೆ ಮೇಲೆ ನೋಡಿದೆ. ಅಪ್ಪ, ಅಮ್ಮ, ಮಾವ, ಅಜ್ಜಿ, ಮತ್ತೆ ಅಪ್ಪ. ನಮ್ಮಪ್ಪನ ಬಗ್ಗೆ ನಾವಿಬ್ಬರೂ ಮಾತಾಡಿದಷ್ಟು ನಮ್ಮಮ್ಮನೂ ಮಾತಾಡಿರಲಿಕ್ಕಿಲ್ಲ.

ಸುಮ್ನೆಒಬ್ಬಳು ಅವರ ಮಾತು ಓದಿ ಅಪ್ಪನಿಗೆ ಫೋನ್ ಮಾಡಿ, ಮುಹೂರ್ತ ಸ್ವಲ್ಪ ಮುಂದಕ್ಕೆ ಹಾಕೋಕೆ ಆಗುತ್ತಾ ಅಂತ ಕೇಳಿದೆ. ಕಾರಣ ಹೇಳಲಿಲ್ಲ. ಅಪ್ಪ, "ಒಪ್ಪಿಸಿದ್ದೂ ನೀನೇ, ಈಗ ತಡ ಅನ್ನೋದೂ ನೀನೇನಾ? ಆ ಹುಡುಗ ಏನಾದರೂ ಅಂದನಾ? ನನಗೆ ಮೊದಲೇ ಅವನ ಮೇಲೆ ಡೌಟಿತ್ತು" ಅಂದರು. ಅಷ್ಟು ಅಂದಿದ್ದೇ ತಡ, ನನಗೆ ಎಲ್ಲಿತ್ತೋ ಸಿಟ್ಟು ಬಂತು. ಅವನ ಪರ ಅರ್ಧ ಗಂಟೆ ವಾದ ಮಾಡಿದೆ. ಫೋನ್ ಇಟ್ಟು ನೋಡಿದರೆ ಕೈ ನಡುಗುತ್ತಿತ್ತು. ಅವನಿಗೆ ಫೋನ್ ಮಾಡಿ ಮಧ್ಯರಾತ್ರಿವರೆಗೆ ಮಾತಾಡಿದೆ. ಮೊದಲಿನ ಹಾಗೇ. ಅಷ್ಟೂ ಪ್ರೀತಿ ವಾಪಸ್ ಬಂದುಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ಮತ್ತೆ ಏನಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಅವನಿಗೆ ಎಲ್ಲ ಹೇಳಿದೆ. ರೂಮ್‌ಮೇಟ್ ಹೇಳಿದ್ದನ್ನೂ ಸೇರಿಸಿ. ಅವನಿಗೆ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಎಷ್ಟೋ ವರ್ಷ ಆದಮೇಲೆ ಈಗ ಸರಿಯಾಗಿ ನಿದ್ದೆ ಬರ್ತಿದೆ. ನಿನಗೆ ಅದೇ ಪ್ರಾಬ್ಲಮ್ಮಾ?" ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಶನಿವಾರ ಮನೆ ನೋಡಲು ಹೋದೆವು. ವಿಜಯನಗರದ ಕಡೆ. ಬ್ರೋಕರ್ ಮೊದಲನೇ ಪ್ರಶ್ನೆ, "ವೆಜ್ಜಾ, ನಾನ್‌ವೆಜ್ಜಾ? ಓನರ್ ಕೇಳ್ತಾರೆ." ನಾನು ವೆಜ್ ಅಂದೆ. ಅವನು ನಾನ್‌ವೆಜ್ ಅಂದ. ಇಬ್ಬರೂ ಒಂದೇ ಸಲ. ಬ್ರೋಕರ್ ಬೈಕ್ ಸ್ಟಾರ್ಟ್ ಮಾಡಿಕೊಂಡು "ನೀವು ಮೊದಲು ಮಾತಾಡ್ಕೊಳ್ಳಿ ಮೇಡಂ" ಅಂದ. ರಸ್ತೆಯಲ್ಲೇ ನಿಂತು ತುಂಬಾ ನಕ್ಕೆವು. ನಕ್ಕು ಮುಗಿದ ಮೇಲೆ ನಿಜವಾಗಿ ಮಾತಾಡಿಕೊಳ್ಳಬೇಕಾಯ್ತು.

ಅಡ್ವಾನ್ಸ್ ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕುವಾಗ ಗೊತ್ತಾಯ್ತು, ಅವನಿಗೆ ತಂಗಿ ಮದುವೆಗೆ ಮಾಡಿದ ಸಾಲದ ಇಎಂಐ ಇದೆ. ಇನ್ನೂ ಮುಗಿದಿಲ್ಲ. ನನಗೆ ಯಾಕೆ ಹೇಳಲಿಲ್ಲ ಅಂದರೆ "ನೀನು ಯಾವತ್ತೂ ಕೇಳಲಿಲ್ಲ" ಅಂದ. ನಿಜ, ಕೇಳಿರಲಿಲ್ಲ. ಅವನಿಗೂ ನನ್ನ ಸಂಬಳ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಮೊಟ್ಟೆ ವಿಷಯಕ್ಕೆ ಜಗಳ. ಹೊರಗೆ ಏನು ಬೇಕಾದರೂ ತಿನ್ನು, ನಮ್ಮ ಅಡುಗೆಮನೆಯಲ್ಲಿ ಬೇಡ ಅಂತ ನಾನು. "ನಮ್ಮ ಅಂದರೆ ಯಾರದ್ದು?" ಅಂತ ಅವನು. ಅಪ್ಪ ಅಮ್ಮನ ಹೆಸರು ಒಂದು ಸಲವೂ ಬಾರದ ಜಗಳ ಇದೇ ಮೊದಲು ಅನ್ನಿಸುತ್ತದೆ.

ಕಾಫಿ ಪ್ರಶ್ನೆಗೆ ಉತ್ತರ: ಜಗಳ ಆದಮೇಲೆ ಕಾಫಿಗೆ ಹೋದೆವು. ಇನ್ನೊಂದು ಸಲ ಹೋಗುತ್ತೇನಾ ಅಂದರೆ, ಹೌದು ಅನ್ನಿಸುತ್ತದೆ. ಎದೆ ಏನೂ ಹೊಡೆದುಕೊಳ್ಳಲಿಲ್ಲ. ಆದರೆ ಎದ್ದು ಹೋಗೋಕೂ ಮನಸ್ಸಾಗಲಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಡಿ, ಒಂದು ತಿಂಗಳು ತಡೀರಿ ಅಂತ ಮಾವನಿಗೆ ಹೇಳಿದ್ದೇನೆ. ಅವರು ಯಾಕೆ ಅಂತ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅವರೊಬ್ಬರೇ ಹಾಗೆ.


ನಿವೃತ್ತ ಮೇಷ್ಟ್ರು ಉತ್ತರ:

ಅಪ್ಪ ಬೈದ ರಾತ್ರಿ ನಿಮಗೆ ಬಂದದ್ದನ್ನು ಬ್ರೆಮ್ ಅನ್ನುವ ಮನೋವಿಜ್ಞಾನಿ 1966ರಲ್ಲೇ ವಿವರಿಸಿದ್ದರು. ಆಯ್ಕೆಯನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ, ಕಿತ್ತುಕೊಳ್ಳುವ ವಸ್ತುವೇ ಹೆಚ್ಚು ಬೇಕು ಅನ್ನಿಸುತ್ತದೆ. ಆ ಒಂದು ರಾತ್ರಿ ನೋಡಿ ಮದುವೆ ನಿರ್ಧಾರ ಮಾಡಬೇಡಿ. ಮಾರನೇ ಬೆಳಿಗ್ಗೆ ನೋಡಿ ಮದುವೆ ಮುರಿಯಲೂ ಬೇಡಿ. ಶನಿವಾರದಂಥ ದಿನಗಳು ಇನ್ನಷ್ಟು ಬರಲಿ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಮದುವೆಯಾಗಿ ಸರಾಸರಿ 21 ವರ್ಷ ಕಳೆದೂ 'ಈಗಲೂ ತುಂಬಾ ಪ್ರೀತಿ ಇದೆ' ಅಂದ 17 ಜನರ ಮೆದುಳಿನ ಸ್ಕ್ಯಾನ್ ಮಾಡಿದ ಅಧ್ಯಯನ 2012ರಲ್ಲಿ ಬಂತು, ಅಸೆವೆಡೋ, ಆರನ್, ಫಿಶರ್, ಬ್ರೌನ್ ಅವರದು. ಗಂಡನ ಅಥವಾ ಹೆಂಡತಿಯ ಫೋಟೋ ನೋಡಿದಾಗ, ಹೊಸ ಪ್ರೇಮಿಗಳಲ್ಲಿ ಚುರುಕಾಗುವ, ಆಸೆ-ಖುಷಿಗೆ ಸಂಬಂಧಿಸಿದ ಡೋಪಮಿನ್ ಅನ್ನುವ ರಾಸಾಯನಿಕದ ಜಾಗವೇ ಇವರಲ್ಲೂ ಚುರುಕಾಯಿತು. ಹೊಸ ಪ್ರೀತಿಯ ಗೀಳು, ಆತಂಕ ಮಾತ್ರ ಇವರಲ್ಲಿ ಅಷ್ಟಾಗಿ ಇರಲಿಲ್ಲ. ನಿಮ್ಮ ಹುಡುಗನಿಗೆ ನಿದ್ದೆ ಬರುತ್ತಿರುವುದು ಕೆಟ್ಟ ಲಕ್ಷಣ ಅಂತ ನನಗೆ ಅನ್ನಿಸುವುದಿಲ್ಲ.

ಇಎಂಐ ಎಷ್ಟು ವರ್ಷ ಇದೆ ಅಂತ ಮಾತ್ರ ಕೇಳಿ ಬರೆದಿಟ್ಟುಕೊಳ್ಳಿ. ಇದು ಸೈಕಾಲಜಿ ಅಲ್ಲ.


ಸುಮ್ನೆಒಬ್ಬಳು ಉತ್ತರ:

ಪತ್ರಿಕೆ ತಡೆದಿದ್ದು ಒಳ್ಳೇದಾಯ್ತು. ತಿಂಗಳಾದ ಮೇಲೆ ಬೇಡ ಅನ್ನಿಸಿದರೂ ನೇರವಾಗಿ ಹೇಳಿ, ಮಾವ ಇದ್ದಾರಲ್ಲ. ಅದಿರಲಿ, ಮೊಟ್ಟೆ ಕತೆ ಏನಾಯ್ತು?


ತೋಟದಾಚೆ ಉತ್ತರ:

ಮುಗಿದಿಲ್ಲ. ಅವನಿಗೆ ಬೇರೆ ಬಾಣಲೆ, ಬೇರೆ ತಟ್ಟೆ ಅನ್ನುವವರೆಗೆ ಬಂದಿದ್ದೇವೆ. ಆ ಬಾಣಲೆ ತೊಳೆಯುವುದು ಯಾರು ಅನ್ನುವಲ್ಲಿ ನಿಂತಿದೆ. ಅವನು ತಾನೇ ತೊಳೆಯುತ್ತೇನೆ ಅನ್ನುತ್ತಾನೆ. ಅವನ ರೂಮಿನ ಸಿಂಕ್ ನಾನು ನೋಡಿದ್ದೇನೆ.